ಪ್ರಾಯಶ್ಚಿತ್ತ ಮತ್ತು ಪ್ರತೀಕ್ಷೆ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ನಿನ್ನೆಯ ದಿವಸ ಕ್ಷಮೆಯನ್ನು ಕುರಿತು ಎರಡು ಮಾತುಗಳನ್ನು ಹೇಳಿದೆವು. ಸಂಸ್ಕೃತದಲ್ಲಿ 'ಕ್ಷಮ್' ಎಂಬ ಧಾತುವಿಗೆ ಸಹಿಸು, ತಾಳು ಎಂದು ಅರ್ಥ. ಎಲ್ಲರ ಭಾರವನ್ನೂ ತಾಳಿಕೊಂಡಿರುವುದರಿಂದಲೇ ಭೂಮಿಗೆ 'ಕ್ಷಮಾ' ಎಂಬ ಹೆಸರು ಬಂದಿತು ಎಂದು ಹೇಳಿ ಮುಗಿಸಿದ್ದೆವು. ಅದು ಕ್ಷಮಿಸುವವರ ವಿಚಾರ. ಇಂದು ಕ್ಷಮೆಗಾಗಿ ಕಾದು ಕುಳಿತವರ ವಿಚಾರವನ್ನು ಹೇಳಬೇಕೆಂದಿದ್ದೇವೆ. ಇದರಲ್ಲಿ ನಮ್ಮದೊಂದು ತಪ್ಪೂ ಸೇರಿಕೊಂಡಿದೆ. ಅದನ್ನೂ ಮರೆಮಾಚದೆ ಹೇಳುತ್ತೇವೆ.

ಕಳೆದ ವರ್ಷ ಇದೇ ಶ್ರಾವಣದಲ್ಲಿ, ಸೋಮವಾರದ ಪೂಜೆ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದ ಮೇಲೆ ಒಬ್ಬ ತಾಯಿ ಕಂಬದ ಮರೆಯಲ್ಲಿ ನಿಂತೇ ಇದ್ದರು. "ಏನು ತಾಯಿ?" ಎಂದು ಕೇಳಿದೆವು. "ಬುದ್ಧಿ, ಕೆನಡಾದಲ್ಲಿರೋ ನನ್ನ ತಮ್ಮನಿಗೆ ಅಮೇರಿಕಾಕ್ಕೆ ಹೋಗೋದಕ್ಕೆ ಒಂದು ಕಾಗದ ಬರಬೇಕಂತೆ. ಅರ್ಜಿ ಹಾಕ್ತಾ ಇದ್ದಾನೆ. ಬರ್ತದೆ ಅಂತ ತಮ್ಮ ಬಾಯಲ್ಲಿ ಒಂದು ಮಾತು ಬರಲಿ" ಎಂದರು. ಅದು ಎಂಥ ಕಾಗದ, ಏತಕ್ಕೆ ಬೇಕು ಎಂಬುದೊಂದನ್ನೂ ವಿಚಾರಿಸದೆ, "ದೀಪಾವಳಿಯ ಒಳಗೆ ಬರುತ್ತದೆ, ಹೋಗಿ ಬಾ ತಾಯಿ" ಎಂದುಬಿಟ್ಟೆವು. ಪೀಠದ ಮೇಲೆ ಕುಳಿತವರ ಬಾಯಿಗೆ ಇಂಥ ಮಾತು ಬಹಳ ಸುಲಭವಾಗಿ ಬರುತ್ತದೆ.

ಆ ಅಕ್ಕ-ತಮ್ಮಂದಿರ ಒಪ್ಪಿಗೆಯನ್ನು ಪಡೆದೇ ಈ ವಿಷಯವನ್ನು ಹೇಳುತ್ತಿದ್ದೇವೆ. "ಹೆಸರು ಬೇಡ ಬುದ್ಧಿ, ವಿಷಯ ಹೇಳಿ, ಯಾರಿಗಾದರೂ ಉಪಯೋಗಕ್ಕೆ ಬರಲಿ" ಎಂದಿದ್ದಾರೆ. ಅವರು ಯಾರಿರಬಹುದೆಂದು ಊಹಿಸುವ ಕೆಲಸಕ್ಕೆ ತಾವು ಯಾರೂ ಹೋಗಬಾರದು.

ಮೊದಲು ಆ ಗಡಿಯ ಸಂಗತಿಯನ್ನು ತಿಳಿದುಕೊಳ್ಳೋಣ. ಕೆನಡಾಕ್ಕೂ ಅಮೇರಿಕಾ ಸಂಯುಕ್ತ ಸಂಸ್ಥಾನಕ್ಕೂ ನಡುವೆ ಇರುವ ಗಡಿ 8,891 ಕಿಲೋಮೀಟರು. ಎರಡು ದೇಶಗಳ ನಡುವಿನ ಗಡಿಗಳಲ್ಲಿ ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದುದು. 1812ರಲ್ಲಿ ಆರಂಭವಾದ ಯುದ್ಧ ಮುಗಿದ ಮೇಲೆ ಆ ಎರಡು ನಾಡುಗಳು ಪರಸ್ಪರ ಕಾದಾಡಿಲ್ಲ. ಆ ಸ್ನೇಹದ ಕುರುಹಾಗಿ ಪಶ್ಚಿಮದ ಕೊನೆಯಲ್ಲಿ 1921ರಲ್ಲಿ ಶಾಂತಿಯ ಹೆಸರಿನ ದೊಡ್ಡ ಕಮಾನೊಂದನ್ನು ಕಟ್ಟಿ, ಕಬ್ಬಿಣದ ಬಾಗಿಲುಗಳನ್ನು ಇರಿಸಿ, ಇವು ಎಂದೆಂದಿಗೂ ಮುಚ್ಚದಿರಲಿ ಎಂಬ ಹಾರೈಕೆಯನ್ನು ಅಲ್ಲಿಯೇ ಬರೆಯಿಸಿದ್ದಾರೆ. ಪೂರ್ವದಲ್ಲಿ ನಯಾಗರಾ ನದಿಗೆ 1927ರಲ್ಲಿ ಒಂದು ಸೇತುವೆಯನ್ನು ಕಟ್ಟಿ, ಅದಕ್ಕೂ ಶಾಂತಿಯ ಸೇತುವೆ, ಪೀಸ್ ಬ್ರಿಜ್ ಎಂದೇ ಹೆಸರಿಟ್ಟರು. ಸೇತುವೆಯ ಈಚೆಗೆ ಕೆನಡಾದ ಫೋರ್ಟ್ ಈರಿ ಎಂಬ ಊರು, ಆಚೆಗೆ ಅಮೇರಿಕಾದ ಬಫಲೋ ನಗರ. ಕೆನಡಾದ ಪೌರರಿಗೆ ನೆಂಟರ ಮನೆಗೆಂದು ಆಚೆಗೆ ಹೋಗಿಬರಲು ಸಾಮಾನ್ಯವಾಗಿ ವೀಸಾ ಕೂಡ ಬೇಕಿಲ್ಲ. ಹಿಂದೆ ಗುರುತಿನ ಚೀಟಿ ತೋರಿಸಿ ದಾಟುತ್ತಿದ್ದರು. 2009ರ ಜೂನ್ 1ರಿಂದ ಪಾಸ್‌ಪೋರ್ಟ್ ಮುಂತಾದ ಪ್ರಮಾಣಪತ್ರ ಬೇಕಾಯಿತು. 2001ರ ಸೆಪ್ಟೆಂಬರಿನ ಆ ಘೋರ ಘಟನೆಯ ತರುವಾಯ ತನಿಖೆಯೂ ಬಿಗಿಯಾಯಿತು.

ಈ ತಮ್ಮ 1988ರಲ್ಲಿ ಕೆನಡಾಕ್ಕೆ ಹೋದವರು. ಆ ದೇಶದ ಪೌರತ್ವವನ್ನೂ ಪಡೆದರು. ಒಬ್ಬ ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಅಲ್ಲಿ ಹದಿನಾಲ್ಕು ತಿಂಗಳುಗಳ ಕಾಲ ಸುಳ್ಳು ಬಿಲ್ಲುಗಳನ್ನು ಬರೆದು ಒಂಬತ್ತು ಸಾವಿರ ಡಾಲರುಗಳನ್ನು ಎತ್ತಿಕೊಂಡರು. 1996ರಲ್ಲಿ ಸಿಕ್ಕಿಬಿದ್ದರು. ತಪ್ಪನ್ನು ಒಪ್ಪಿಕೊಂಡರು. ನ್ಯಾಯಾಲಯವು ಸೆರೆಮನೆಗೆ ಕಳುಹಿಸಲಿಲ್ಲ. ಎರಡು ವರ್ಷಗಳ ಕಾಲ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ನಡತೆಯನ್ನು ತಿದ್ದಿಕೊಂಡಿರಬೇಕು, ಹಣವನ್ನು ಪೂರ್ತಿ ತೀರಿಸಬೇಕು ಎಂದು ತೀರ್ಪಾಯಿತು. ರಾತ್ರಿ ಪಾಳಿಯಲ್ಲಿ ಗೋದಾಮಿನ ಕೆಲಸ ಮಾಡಿ ಕೊನೆಯ ಡಾಲರಿನವರೆಗೂ ತೀರಿಸಿದರು. ಆ ದೇಶದಲ್ಲಿ 1970ರಲ್ಲಿ ಆದ ಒಂದು ಕಾಯದೆಯಂತೆ, ಶಿಕ್ಷೆ ಮುಗಿಸಿ ಹಲವು ವರ್ಷ ಸನ್ನಡತೆಯಿಂದ ಬಾಳಿದವರು ಕ್ಷಮೆಗೆ ಅರ್ಜಿ ಹಾಕಬಹುದು. ಇವರೂ ಹಾಕಿದರು, 2005ರಲ್ಲಿ ಕ್ಷಮೆ ದೊರೆಯಿತು. ಎಲ್ಲವೂ ಮುಗಿಯಿತೆಂದು ತಿಳಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಕ್ಷಮೆಯಿಂದ ದಾಖಲೆ ಸುಟ್ಟುಹೋಗುವುದಿಲ್ಲ. ಅದನ್ನು ಬೇರೆಯಾಗಿ ತೆಗೆದಿರಿಸುತ್ತಾರೆ, ಅಷ್ಟೆ. 2012ರಲ್ಲಿ ಕಾಯದೆಗೆ ತಿದ್ದುಪಡಿಯಾಗಿ 'ಕ್ಷಮೆ' ಎಂಬ ಶಬ್ದವನ್ನೇ ತೆಗೆದು, 'ದಾಖಲೆಯ ಅಮಾನತು' ಎಂಬ ಹೆಸರನ್ನಿಟ್ಟರು. ಕಾಯುವ ಅವಧಿಯೂ ಹೆಚ್ಚಿತು: ಸಣ್ಣ ಅಪರಾಧಗಳಿಗೆ ಐದು ವರ್ಷ, ದೊಡ್ಡವಕ್ಕೆ ಹತ್ತು. ಇನ್ನು ಅಮೇರಿಕಾದ ವಲಸೆ ಕಾನೂನು ಪರದೇಶದ ಕ್ಷಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರ 1952ರ ಕಾಯದೆಯಂತೆ ಕಳವು, ವಂಚನೆ ಮೊದಲಾದ ನೀತಿಗೆಟ್ಟ ಅಪರಾಧಗಳನ್ನು ಮಾಡಿದವರಿಗೆ, ಚಿಕ್ಕ ಅಪರಾಧಗಳಿಗಿರುವ ಒಂದು ರಿಯಾಯಿತಿಯನ್ನು ಬಿಟ್ಟರೆ, ಪ್ರವೇಶವಿಲ್ಲ. ಆಶ್ಚರ್ಯವೇನೆಂದರೆ, ಕುಡಿದು ವಾಹನ ನಡೆಸಿದ ಒಂದು ಸಾಮಾನ್ಯ ಅಪರಾಧವನ್ನು ಅಮೇರಿಕಾದವರು ಸಾಧಾರಣವಾಗಿ ಈ ನೀತಿಗೆಟ್ಟ ಅಪರಾಧಗಳ ವರ್ಗಕ್ಕೆ ಸೇರಿಸುವುದಿಲ್ಲ. ಕೆನಡಾದವರಾದರೋ 2018ರ ಡಿಸೆಂಬರಿನಿಂದ ಅದನ್ನು ಗುರುತರವಾದ ಅಪರಾಧವೆಂದು ಎಣಿಸಿ ಬರುವವರನ್ನು ತಡೆಯುತ್ತಾರೆ. ಒಂದೇ ಕೃತ್ಯಕ್ಕೆ ಸೇತುವೆಯ ಈ ತುದಿಯಲ್ಲಿ ಒಂದು ತೂಕ, ಆ ತುದಿಯಲ್ಲಿ ಮತ್ತೊಂದು ತೂಕ. ಲೋಕದ ತಕ್ಕಡಿ ಹೀಗೆಯೇ ಇರುತ್ತದೆ.

ಇವರ ಮಗಳನ್ನು ಬಫಲೋ ನಗರಕ್ಕೆ ಕೊಟ್ಟಿದೆ. ತಂದೆಯ ಮನೆಯಿಂದ ಸೇತುವೆಗೆ ಒಂದೂವರೆ ಗಂಟೆಯ ದಾರಿ. ಮಗಳು ಗರ್ಭಿಣಿಯಾದಳು. ಗಂಡ-ಹೆಂಡಿರು ಮಡಿಲು ತುಂಬುವ ಸಾಮಾನುಗಳನ್ನು ಕಾರಿನಲ್ಲಿಟ್ಟುಕೊಂಡು ಹೊರಟರು. ಸೇತುವೆಯ ಮೇಲಿನ ಠಾಣೆಯಲ್ಲಿ ಅಧಿಕಾರಿ, "ನಿಮ್ಮನ್ನು ಎಂದಾದರೂ ಪೊಲೀಸರು ಹಿಡಿದದ್ದುಂಟೆ?" ಎಂದು ಕೇಳಿದ. ಕ್ಷಮೆ ಸಿಕ್ಕಿದೆಯಲ್ಲ, ಇಲ್ಲವೆಂದು ಬಿಡೋಣವೆಂಬ ಯೋಚನೆ ನಾಲಗೆಯ ತುದಿಗೆ ಬಂದಿತ್ತಂತೆ. ಹೇಗೋ "ಹೌದು" ಎಂದರು. ಎರಡು ಗಂಟೆ ಒಳಗೆ ಕೂಡಿಸಿಕೊಂಡು, ಪ್ರಶ್ನೆ ಕೇಳಿ, ಬೆರಳಚ್ಚು ತೆಗೆದುಕೊಂಡು ಹಿಂದಕ್ಕೆ ಕಳುಹಿಸಿದರು. ಆ ಒಂದು "ಹೌದು" ಅವರನ್ನು ಉಳಿಸಿತೆಂಬುದು ಆಮೇಲೆ ವಕೀಲರಿಂದ ತಿಳಿಯಿತು. ಗಡಿಯಲ್ಲಿ ತಿಳಿದೂ ತಿಳಿದು ಸುಳ್ಳು ಹೇಳಿ ಸಿಕ್ಕಿಬಿದ್ದರೆ, ಆ ಸುಳ್ಳೇ ಬೇರೊಂದು ದೋಷವಾಗಿ, ಆಯುಷ್ಯ ಇರುವವರೆಗೂ ಪ್ರವೇಶಕ್ಕೆ ಅಡ್ಡವಾಗುತ್ತದೆ.

ಇಂಥವರಿಗೆ ಒಂದು ದಾರಿಯನ್ನು ಅದೇ ಕಾಯದೆಯಲ್ಲಿ ಇಟ್ಟಿದ್ದಾರೆ. ಅದಕ್ಕೆ ವೇವರ್ ಎನ್ನುತ್ತಾರೆ. ವಿನಾಯಿತಿ ಎಂದು ಅರ್ಥ. ಐ-192 ಎಂಬ ನಮೂನೆಯನ್ನು ತುಂಬಬೇಕು. ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸರಿಂದ ಬೆರಳಚ್ಚಿನ ಆಧಾರದ ದಾಖಲೆ, ನ್ಯಾಯಾಲಯದ ಕಾಗದಗಳು, ಉದ್ಯೋಗದ ಪುರಾವೆ, ಬಲ್ಲವರ ಪತ್ರಗಳು, ಇವೆಲ್ಲಕ್ಕಿಂತ ಮಿಗಿಲಾಗಿ, ತಾನು ಏನು ಮಾಡಿದೆ, ಈಗ ಹೇಗಿದ್ದೇನೆ ಎಂದು ತಾನೇ ಬರೆದ ಹೇಳಿಕೆ. 2019ರಿಂದ ಕಂಪ್ಯೂಟರಿನ ಮೂಲಕವೂ ಕಳುಹಿಸಬಹುದು. ಆದರೆ ಬೆರಳಚ್ಚು ಕೊಡಲು ನಿಗದಿಯಾದ ಗಡಿಠಾಣೆಗೇ ಹೋಗಬೇಕು. ಕಟ್ಟಿದ ಶುಲ್ಕ, ಅರ್ಜಿ ತಿರಸ್ಕೃತವಾದರೂ ಹಿಂದಕ್ಕೆ ಬರುವುದಿಲ್ಲ. ದೂರದ ಒಂದು ಕಚೇರಿಯಲ್ಲಿ, ಮುಖ ಕಾಣದ ಅಧಿಕಾರಿಗಳು ಕಡತವನ್ನು ನೋಡಿ ತೀರ್ಮಾನಿಸುತ್ತಾರೆ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಕೊಟ್ಟರೂ ಹೆಚ್ಚೆಂದರೆ ಐದು ವರ್ಷಕ್ಕೆ. ಅವಧಿ ಮುಗಿದ ಮೇಲೆ ಮತ್ತೆ ಅರ್ಜಿ, ಮತ್ತೆ ಕಾಯುವುದು.

ಹೀಗೆ ಅರ್ಜಿ ಸಿದ್ಧವಾಗುತ್ತಿದ್ದಾಗ ಆ ತಮ್ಮ ನಮಗೆ ಫೋನು ಮಾಡಿ, "ಬುದ್ಧಿ, ತಮ್ಮಿಂದ ಒಂದು ಪತ್ರ ಬೇಕು" ಎಂದರು. ನಾವು ಕಾಶಿಯಲ್ಲಿ ಕಲಿತ ಸಂಸ್ಕೃತವನ್ನೆಲ್ಲ ಸುರಿದು, ಸದ್ಗುಣಸಂಪನ್ನರು, ಸದಾಚಾರನಿಷ್ಠರು, ಸತ್ಕುಲಪ್ರಸೂತರು ಎಂದು ಒಂದು ಪುಟ ಬರೆಯಿಸಿ, ಇಂಗ್ಲೀಷಿಗೆ ಮಾಡಿಸಿ, ಮೊಹರು ಹಾಕಿ ಕಳುಹಿಸಿದೆವು. ಅದು ಹಿಂದಕ್ಕೆ ಬಂತು. "ಅಪರಾಧವೇನೆಂದು ಬಲ್ಲವರು ಬರೆದ ಪತ್ರಕ್ಕೆ ಮಾತ್ರ ಬೆಲೆಯುಂಟು ಎಂದು ವಕೀಲರು ಹೇಳುತ್ತಾರೆ ಬುದ್ಧಿ" ಎಂದು ಸಂಕೋಚದಿಂದ ಹೇಳಿದರು. "ಹಾಗಾದರೆ ಏನು ಮಾಡಿದ್ದಿರಿ ಎಂಬುದನ್ನು ನಮಗೆ ಬರೆದು ಕಳುಹಿಸಿರಿ" ಎಂದೆವು.

ಹನ್ನೊಂದು ಪುಟಗಳ ಕಾಗದ ಬಂತು. ಕನ್ನಡದಲ್ಲಿ, ಸ್ವಹಸ್ತದಲ್ಲಿ. ಇದುವರೆಗೆ ಹೇಳಿದ್ದೆಲ್ಲವೂ ಅದರಲ್ಲಿದ್ದದ್ದೇ. ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ಆ ಹಣದಲ್ಲಿ ಹತ್ತು ಸಾವಿರ ರೂಪಾಯಿಗಳನ್ನು ತಾಯಿಯ ಸ್ಮರಣಾರ್ಥವಾಗಿ ಮಠದ ದಾಸೋಹಕ್ಕೆ ಕಳುಹಿಸಿದ್ದೆ, ಇದನ್ನು ತಿಳಿದ ಮೇಲೂ ಬರೆಯಬಹುದಾದರೆ ಪತ್ರ ಬರೆಯಿರಿ.

ಬಂಧುಗಳೇ, ಹಳೆಯ ರಶೀದಿ ಪುಸ್ತಕಗಳನ್ನು ತೆಗೆಸಿ ನೋಡಿದೆವು. ಆ ರಶೀದಿ ಇತ್ತು. ಆಗ ನಾವು ಕಾಶಿಯಲ್ಲಿ ಓದು ಮುಗಿಸಿ ಬಂದು ಹಿರಿಯ ಗುರುಗಳ ಸೇವೆಯಲ್ಲಿದ್ದೆವು. ಆ ದಾಸೋಹದಲ್ಲಿ ನಾವೂ ಉಂಡಿದ್ದೇವೆ. ಅದುವರೆಗೆ ನಾವು ಅಪರಾಧಿಯೊಬ್ಬನಿಗೆ ಕೃಪೆ ಮಾಡಿ ಪತ್ರ ಬರೆಯುತ್ತಿದ್ದೇವೆಂಬ ಭಾವದಲ್ಲಿದ್ದೆವು. ಆ ರಶೀದಿಯನ್ನು ಕೈಯಲ್ಲಿ ಹಿಡಿದ ಮೇಲೆ ಆ ಭಾವ ಹೊರಟುಹೋಯಿತು. ಪರದೇಶದಿಂದ ಹಣ ಬಂದಾಗ ಹಾರ ಹಾಕುತ್ತೇವೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತೇವೆ. ಅಲ್ಲಿ ಹೇಗಿದ್ದೀಯಪ್ಪಾ, ಯಾವ ಕಾಯಕ ಮಾಡುತ್ತೀಯೆ ಎಂದು ಎಷ್ಟು ಜನ ಕೇಳುತ್ತೇವೆ? ಆ ವರ್ಷ ನಮ್ಮ ಮಠವೂ ಕೇಳಲಿಲ್ಲ.

ಎರಡನೆಯ ಪತ್ರ ಬರೆದೆವು, ಅರ್ಧ ಪುಟ. ಇವರು ಮಾಡಿದ ಅಪರಾಧವನ್ನು ನಾವು ಬಲ್ಲೆವು. ಆ ಹಣದ ಒಂದಂಶ ತಿಳಿಯದೆ ನಮ್ಮ ಮಠಕ್ಕೂ ಬಂದಿತ್ತು. ಅದನ್ನು ಅವರಾಗಿಯೇ ನಮಗೆ ತಿಳಿಸಿದರು; ತಿಳಿಸದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸ್ವಂತ ದುಡಿಮೆಯಿಂದ ಎಲ್ಲವನ್ನೂ ತೀರಿಸಿದ್ದಾರೆ. ಅವರ ಮಾತನ್ನು ನಾವು ನಂಬುತ್ತೇವೆ. ಇಷ್ಟೇ.

ಮಹಾಭಾರತದ ಶಾಂತಿಪರ್ವದಲ್ಲಿ ಶಂಖ, ಲಿಖಿತ ಎಂಬ ಅಣ್ಣ-ತಮ್ಮಂದಿರ ಕಥೆ ಬರುತ್ತದೆ. ಇಬ್ಬರೂ ತಪಸ್ವಿಗಳು. ಅಣ್ಣ ಇಲ್ಲದಾಗ ಲಿಖಿತನು ಅಣ್ಣನ ಆಶ್ರಮಕ್ಕೆ ಬಂದು ಮರದ ಹಣ್ಣುಗಳನ್ನು ಕಿತ್ತು ತಿಂದ. ಅಣ್ಣ ಬಂದು, ಕೇಳದೆ ತೆಗೆದುಕೊಂಡದ್ದು ಕಳವು, ಅರಸನ ಬಳಿಗೆ ಹೋಗಿ ಒಪ್ಪಿಕೊ ಎಂದ. ಲಿಖಿತನು ಸುದ್ಯುಮ್ನ ರಾಜನಲ್ಲಿಗೆ ಹೋದ. ರಾಜ ಎದ್ದು ಬಂದು ಪೂಜಿಸಿ, ದಂಡಿಸುವ ಅಧಿಕಾರವಿರುವ ನನಗೆ ಬಿಡುವ ಅಧಿಕಾರವೂ ಇದೆ ಎಂದ. ಲಿಖಿತ ಒಪ್ಪಲಿಲ್ಲ, ಶಿಕ್ಷೆಯನ್ನೇ ಬೇಡಿದ. ಕೈಗಳನ್ನು ಕತ್ತರಿಸಿದರು. ಹಿಂದಿರುಗಿದಾಗ ಅಣ್ಣನು, ನದಿಗೆ ಹೋಗಿ ತರ್ಪಣ ಕೊಡು ಎಂದ. ನೀರಿಗೆ ಇಳಿದಾಗ ಕೈಗಳು ಮತ್ತೆ ಬಂದವು. ಲಿಖಿತ ಕೇಳಿದ: ನಿನ್ನ ತಪಸ್ಸಿಗೆ ಇಷ್ಟು ಶಕ್ತಿ ಇದ್ದ ಮೇಲೆ ಮೊದಲೇ ಏಕೆ ನನ್ನನ್ನು ಶುದ್ಧಿ ಮಾಡಲಿಲ್ಲ? ಶಂಖ ಹೇಳಿದ: ದಂಡಿಸುವವನು ನಾನಲ್ಲ. ಅರಸನ ಕೆಲಸ ಅರಸನು ಮಾಡಬೇಕು, ಅಣ್ಣನ ಕೆಲಸ ಅಣ್ಣನು ಮಾಡಬೇಕು ಎಂಬುದು ಇದರ ತಾತ್ಪರ್ಯ. ಕಾಗದವನ್ನು ಕೊಡುವವನು ಆ ದೇಶದ ಅಧಿಕಾರಿ. ದೀಪಾವಳಿಯೊಳಗೆ ಬರುತ್ತದೆಂದು ಹೇಳಲು ನಾವು ಯಾರು? ದೀಪಾವಳಿ ಬಂತು, ಹೋಯಿತು, ಕಾಗದ ಬರಲಿಲ್ಲ. ಆ ತಾಯಿ ಕಾರ್ತಿಕದ ದೀಪಕ್ಕೆ ಎಣ್ಣೆ ತಂದು ಹಾಕಿ, ನಮ್ಮನ್ನು ಒಂದು ಮಾತೂ ಕೇಳದೆ ಹೋದರು. ಮಾರನೆಯ ದಿನ ಅವರನ್ನು ಬರಮಾಡಿಕೊಂಡು, "ತಾಯಿ, ನಾವು ಹಾಗೆ ಹೇಳಬಾರದಾಗಿತ್ತು" ಎಂದೆವು. "ಬಿಡಿ ಬುದ್ಧಿ, ಕಾಯೋದು ನನಗೆ ಹೊಸದಲ್ಲ" ಎಂದರು.

'ಪ್ರಾಯಶ್ಚಿತ್ತ' ಎಂಬ ಪದವನ್ನು ಪೂರ್ವಿಕರು ಎರಡಾಗಿ ಬಿಡಿಸುತ್ತಾರೆ: ಪ್ರಾಯವೆಂದರೆ ತಪಸ್ಸು, ಚಿತ್ತವೆಂದರೆ ನಿಶ್ಚಯ. ಶಿಕ್ಷೆ ಎಂಬ ಮಾತು ಇದರಲ್ಲಿ ಎಲ್ಲಿಯೂ ಇಲ್ಲ. ತಾಳಿಕೊಂಡಿರುವುದು, ಮತ್ತೆ ಮಾಡೆನೆಂದು ಗಟ್ಟಿಯಾಗಿರುವುದು, ಇವೆರಡು ಸೇರಿದರೆ ಪ್ರಾಯಶ್ಚಿತ್ತ. ಆದುದರಿಂದ ಕಾಯುವ ಕಾಲ ವ್ಯರ್ಥವಾಗಿ ಹೋಗುವ ಕಾಲವೆಂದು ಯಾರೂ ತಿಳಿಯಬಾರದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆಗಳು ಎಂಬುವರಿದ್ದಾರೆ. ಪೂರ್ವದಲ್ಲಿ ಮನೆಗಳಿಗೆ ಕನ್ನ ಹಾಕುತ್ತಿದ್ದವರೆಂದು ಹೇಳುತ್ತಾರೆ. ಶರಣರು ಅವರನ್ನು ಒಳಗೆ ಕರೆದುಕೊಂಡರು. ವಚನಕಾರರ ಸಾಲಿನಲ್ಲಿ ಅವರಿಗೆ ಸ್ಥಾನವಾಯಿತು. ಆದರೆ 'ಕನ್ನ' ಎಂಬ ಶಬ್ದ ಅವರ ಹೆಸರಿನಿಂದ ಇಂದಿಗೂ ಹೋಗಿಲ್ಲ. ಅದನ್ನು ಅಳಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ದಾಖಲೆ ಇದ್ದ ಹಾಗೆಯೇ ಇದೆ, ಬಾಗಿಲೂ ತೆರೆದಿದೆ. ವಿನಾಯಿತಿ ಎಂಬುದರ ನಿಜವಾದ ಅರ್ಥ ಇದು.

ಆ ಅರ್ಜಿಗಳನ್ನು ತೂಗುವ ಬಗೆಯನ್ನು ಅಮೇರಿಕಾದ ವಲಸೆ ಮೇಲ್ಮನವಿ ಮಂಡಳಿಯು 1978ರಲ್ಲಿ, ಹ್ರಾಂಕಾ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ಹೇಳಿತು. ಹಿಂದೆ ವೇಶ್ಯಾವೃತ್ತಿಯ ಕಾರಣದಿಂದ ಗಡೀಪಾರಾಗಿದ್ದ ಕೆನಡಾದ ಒಬ್ಬ ಹೆಣ್ಣುಮಗಳು ಬಂಧುಗಳನ್ನು ನೋಡಲು ಹೋಗಬೇಕೆಂದು ಬೇಡಿದ್ದಳು. ಕೆಳಗಿನ ಅಧಿಕಾರಿ ನಿರಾಕರಿಸಿದ್ದ. ಮಂಡಳಿ ಅವಳ ಪರವಾಗಿ ತೀರ್ಪಿತ್ತಿತು. ಮೂರು ಪ್ರಶ್ನೆಗಳನ್ನು ಕೇಳಬೇಕೆಂದಿತು: ಈ ವ್ಯಕ್ತಿ ಒಳಗೆ ಬಂದರೆ ಸಮಾಜಕ್ಕೆ ಏನು ಕೇಡು? ಹಿಂದಿನ ತಪ್ಪು ಎಷ್ಟು ಗುರುತರವಾದುದು? ಬರಲು ಇಚ್ಛಿಸುವ ಕಾರಣವೇನು? ಆ ಕಾರಣ ಪ್ರಾಣಸಂಕಟದಂಥದೇ ಆಗಿರಬೇಕಿಲ್ಲ ಎಂದೂ ಸ್ಪಷ್ಟಪಡಿಸಿತು. ಬಂಧುಗಳ ಮುಖ ನೋಡಬೇಕೆಂಬುದೂ ಕಾರಣವೇ.

ಬಂಧುಗಳೇ, ಪರದೇಶದ ಸರಕಾರವೊಂದು ಅಪರಿಚಿತರ ವಿಷಯದಲ್ಲಿ ಈ ಮೂರು ಪ್ರಶ್ನೆಗಳನ್ನಾದರೂ ಕೇಳುತ್ತದೆ. ನಮ್ಮ ಮನೆಗಳಲ್ಲಿ, ನಮ್ಮ ಕೇರಿಗಳಲ್ಲಿ ಕೇಳುತ್ತೇವೆಯೆ? ಸೆರೆಮನೆಯಿಂದ ಬಿಡುಗಡೆಯಾಗಿ ಬಂದವನಿಗೆ ಮದುವೆಯ ಕರೆಯೋಲೆ ಹೋಗುವುದಿಲ್ಲ. ಮೂವತ್ತು ವರ್ಷದ ಹಿಂದೆ ಮನೆ ಬಿಟ್ಟು ಹೋದ ಮಗಳ ಹೆಸರನ್ನು ಎತ್ತಬಾರದೆಂಬ ಮನೆಗಳನ್ನು ನಾವು ಬಲ್ಲೆವು. ಅಲ್ಲಿ ಅರ್ಜಿಯ ನಮೂನೆ ಇಲ್ಲ, ಶುಲ್ಕವಿಲ್ಲ, ಅವಧಿ ಇಲ್ಲ; ಕಾಯುವವನಿಗೆ ಎಲ್ಲಿ ನಿಂತು ಕಾಯಬೇಕೆಂಬುದೂ ಗೊತ್ತಿಲ್ಲ.

ಆ ತಮ್ಮ ಮಗಳಿಗೆ ಇದೊಂದನ್ನೂ ಹೇಳಿರಲಿಲ್ಲ. ಬರಲಾಗದ್ದಕ್ಕೆ ಸೊಂಟನೋವೆಂದು ನೆಪ ಹೇಳುತ್ತಿದ್ದರು. ಅರ್ಜಿ ಕಳುಹಿಸಿದ ಮೇಲೆ, ಗುರುತಿಲ್ಲದ ಅಧಿಕಾರಿಗೆ ಬರೆದದ್ದನ್ನು ಹೆತ್ತ ಮಗಳಿಗೆ ಹೇಳದಿರುವುದು ಸರಿಯಲ್ಲವೆಂದು ಆ ಹೇಳಿಕೆಯ ಪ್ರತಿಯನ್ನೇ ಕಳುಹಿಸಿದರು. ಎರಡು ದಿನ ಮಗಳಿಂದ ಮಾತಿಲ್ಲ. ಮೂರನೆಯ ದಿನ ಫೋನು ಮಾಡಿ, "ಅಪ್ಪಾ, ಸೊಂಟನೋವು ಅಂತ ನಂಬಿ ನಾನು ತಿಂಗಳು ತಿಂಗಳು ಎಣ್ಣೆ ಕಳಿಸ್ತಾ ಇದ್ದೆನಲ್ಲ" ಎಂದು ಅತ್ತಳಂತೆ, ಆಮೇಲೆ ನಕ್ಕಳಂತೆ. ಮಗು ಮೂರು ತಿಂಗಳದ್ದಾದಾಗ ತಾನೇ ಎತ್ತಿಕೊಂಡು ಸೇತುವೆ ದಾಟಿ ಈಚೆಗೆ ಬಂದಳು. ಅಜ್ಜನ ತೊಡೆಯ ಮೇಲೆ ಮಗುವನ್ನು ಮಲಗಿಸಿ ಹೆಸರಿಟ್ಟರು.

ಕಾಗದ ಇನ್ನೂ ಬಂದಿಲ್ಲ. ಅರ್ಜಿ ಹೋಗಿ ಹತ್ತು ತಿಂಗಳಾಯಿತು. ಬರುತ್ತದೆಯೋ ಇಲ್ಲವೋ ನಾವು ಹೇಳುವುದಿಲ್ಲ. ಇಂದು ಆ ತಾಯಿ ಬಂದು ಮತ್ತೆ ಕೇಳಿದರೆ, "ನಿನ್ನ ತಮ್ಮ ಮಾಡಬೇಕಾದದ್ದನ್ನು ಮಾಡಿ ಮುಗಿಸಿದ್ದಾನೆ ತಾಯಿ, ನಾವು ನಿನ್ನ ಜೊತೆಗೆ ಕಾಯುತ್ತೇವೆ" ಎಂದು ಹೇಳುತ್ತೇವೆ. ಅಷ್ಟು ಹೇಳುವ ಅಧಿಕಾರ ನಮಗಿದೆ.

ತಾವು ಇಂದು ಮನೆಗೆ ಹೋದ ಮೇಲೆ, ತಮ್ಮ ಬಾಗಿಲ ಹೊರಗೆ ಯಾರಾದರೂ ಹೀಗೆ ಕಾಯುತ್ತಿದ್ದಾರೆಯೇ ಎಂದು ಒಮ್ಮೆ ನೋಡಿರಿ. ಇದ್ದರೆ ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಉತ್ತರ ತಡಮಾಡದೆ ಕೊಡಿರಿ. ಇನ್ನು ತಾವೇ ಹೊರಗೆ ನಿಂತವರಾಗಿದ್ದರೆ, ಇದ್ದದ್ದನ್ನು ಇದ್ದಂತೆ ಹೇಳಿ, ಕಾಯಕವನ್ನು ಬಿಡದೆ, ತಲೆ ತಗ್ಗಿಸದೆ ಕಾಯಿರಿ. ಶಿವನು ತಮ್ಮೆಲ್ಲರಿಗೂ ಆ ತಾಳ್ಮೆಯನ್ನು ಕರುಣಿಸಲೆಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.